ಮೈಲುತುತ್ತಿನ ಖರ್ಚು ಯಾರ ಲೆಕ್ಕಕ್ಕೆ?

ಕೇರಳದ ಕಾಸರಗೋಡು ಜಿಲ್ಲೆಯ ಬಾಯಾರಿನ ನಮ್ಮ ಮಾವನ ಅಡಿಕೆ ತೋಟದಲ್ಲಿ ಮೊದಲ ಮದ್ದು ಬಿಡುವುದು ಮೇ ಕೊನೆಯ ವಾರ. ಅಜ್ಜನ ಕಾಲದಿಂದ ನಡೆದು ಬಂದ ಲೆಕ್ಕ ಅದು. ಕೇರಳಕ್ಕೆ ಮುಂಗಾರು ಬರುವುದು ಜೂನ್ 1ಕ್ಕೆ. ಅಷ್ಟರೊಳಗೆ ಗೊನೆಗೆ ಮೈಲುತುತ್ತು (ತಾಮ್ರದ ಸಲ್ಫೇಟ್), ಸುಣ್ಣ ಕಲಸಿದ ಬೋರ್ಡೋ ಮದ್ದು ಬಿದ್ದಿರಬೇಕು. 2025ರಲ್ಲಿ ಮಳೆ ಮೇ 24ಕ್ಕೇ ಬಂತು. 2009ರ ನಂತರ ಅಷ್ಟು ಬೇಗ ಬಂದದ್ದಿಲ್ಲ. ಮೈಲುತುತ್ತು ಜಗಲಿಯಲ್ಲೇ ಉಳಿಯಿತು. ಮಳೆ ಬಿಡುವ ಹೊಳವಿಗೆ ಕಾದು ಕಾದು ಮದ್ದು ಬಿಡುವಷ್ಟರಲ್ಲಿ ಎಳೆ ಕಾಯಿ ಉದುರಲು ಶುರುವಾಗಿತ್ತು. ಕೊಳೆರೋಗ.

ಮಾವ ಮದ್ದು ಕಲಸುವುದನ್ನು ನೋಡಬೇಕು. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಬೇರೆ ಬೇರೆ ಕರಗಿಸಿ ಸೇರಿಸಿದ ಮೇಲೆ ಅಡುಗೆಮನೆಯ ಹಳೇ ಚೂರಿಯೊಂದನ್ನು ಅದ್ದುತ್ತಾರೆ. ಅಲಗಿನ ಮೇಲೆ ಕೆಂಪು ಕೂತರೆ ಸುಣ್ಣ ಸಾಲದು ಅಂತ ಅರ್ಥ. ಮೈಸೂರು ಸಂಸ್ಥಾನದಲ್ಲಿದ್ದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಕೊಳೆರೋಗದ ಬೆನ್ನು ಹತ್ತಿ ಹೇಳಿಕೊಟ್ಟ ಮದ್ದು ಇದು. ನೂರು ವರ್ಷ ದಾಟಿದರೂ ಮದ್ದು ಅದೇ. ಬಿಡುವ ದಿನ ಮಾತ್ರ ಕೈಗೆ ಸಿಗುತ್ತಿಲ್ಲ.

ಒಂದು ವರ್ಷ ಮಳೆ ಬೇಗ ಬಂದರೆ ಅದನ್ನು ಹವಾಮಾನ ಬದಲಾವಣೆಯ ತಲೆಗೆ ಕಟ್ಟಲು ಆಗುವುದಿಲ್ಲ, ಒಪ್ಪಿದೆ. ಆದರೆ ವರ್ಷವರ್ಷವೂ ಎರಡರ ಜಾಗದಲ್ಲಿ ಮೂರು, ನಾಲ್ಕು ಸಲ ಮದ್ದು ಬಿಡಬೇಕಾಗಿ ಬಂದರೆ ಆ ಖರ್ಚು ಯಾರದ್ದು? ಮಾವ ಕೇಳುವ ಈ ಪ್ರಶ್ನೆಯ ಮೇಲೆಯೇ ಸರ್ಕಾರಗಳು ಐವತ್ತು ವರ್ಷದಿಂದ ಜಗಳ ಆಡುತ್ತಿವೆ.

1972ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಪರಿಸರದ ಮೊದಲ ದೊಡ್ಡ ಜಾಗತಿಕ ಸಭೆ ನಡೆದಾಗ, ಆತಿಥೇಯ ದೇಶದ ಪ್ರಧಾನಿ ಬಿಟ್ಟರೆ ಅಲ್ಲಿಗೆ ಹೋದ ಪ್ರಧಾನಿ ಇಂದಿರಾ ಗಾಂಧಿ ಒಬ್ಬರೇ. ಬಡತನದ ಮಾತು ಬಿಟ್ಟು ಮಾಲಿನ್ಯದ ಮಾತಾಡಬೇಡಿ ಎಂಬುದು ಅವರ ವಾದದ ಸಾರ. 1990ರ ಹೊತ್ತಿಗೆ ಅಮೆರಿಕದ ಒಂದು ಸಂಸ್ಥೆ ಲೆಕ್ಕ ಹಾಕಿ, ಭೂಮಿ ಬಿಸಿ ಮಾಡುವ ಮೊದಲ ಐದು ದೇಶಗಳಲ್ಲಿ ಭಾರತವನ್ನೂ ಕೂರಿಸಿತು. ಹೇಗೆ? ನಮ್ಮ ಭತ್ತದ ಗದ್ದೆ, ದನದ ಹಟ್ಟಿಯಿಂದ ಬರುವ ಮೀಥೇನ್ ಕೂಡ ಅವರ ಕಾರಿನ ಹೊಗೆಯ ಜೊತೆ ಒಂದೇ ತಕ್ಕಡಿಗೆ ಬಿತ್ತು. ದೆಹಲಿಯ ಪರಿಸರವಾದಿಗಳಾದ ಅನಿಲ್ ಅಗರ್ವಾಲ್ ಮತ್ತು ಸುನೀತಾ ನಾರಾಯಣ್ ಮರುವರ್ಷವೇ ಇದಕ್ಕೆ ಉತ್ತರ ಕೊಟ್ಟರು: ಹೊಟ್ಟೆಪಾಡಿನ ಹೊಗೆ ಬೇರೆ, ಷೋಕಿಯ ಹೊಗೆ ಬೇರೆ. ಈಗಲೂ ನಮ್ಮಲ್ಲಿ ತಲೆಗೆ ವರ್ಷಕ್ಕೆ ಸುಮಾರು 2 ಟನ್ ಇಂಗಾಲದ ಡೈಆಕ್ಸೈಡ್ ಆದರೆ ಅಮೆರಿಕದಲ್ಲಿ ಸುಮಾರು 14 ಟನ್.

1992ರ ರಿಯೊ ಒಪ್ಪಂದ ಈ ವಾದವನ್ನು ಒಪ್ಪಿತು. 1997ರ ಕ್ಯೋಟೊದಲ್ಲಿ ಶ್ರೀಮಂತ ದೇಶಗಳ ಹೊಗೆಗೆ ಮಾತ್ರ ಮಿತಿ ಹಾಕಿದರು. ಅಮೆರಿಕ 2001ರಲ್ಲಿ ಅದರಿಂದ ಕೈ ತೊಳೆದುಕೊಂಡಿತು. 2015ರಲ್ಲಿ ಪ್ಯಾರಿಸ್‌ಗೆ ಬರುವಾಗ ಲೆಕ್ಕ ಪೂರ್ತಿ ಬದಲಾಗಿತ್ತು. ಹೊಗೆ ಇಳಿಸುವ ತನ್ನ ಗುರಿ ಏನೆಂದು ಪ್ರತಿ ದೇಶವೂ ತಾನೇ ಬರೆದು ಕೊಡಬಹುದು. ಮುಯ್ಯಿ ಕವರ್‌ನಲ್ಲಿ ಎಷ್ಟು ಹಾಕಬೇಕು ಅಂತ ಯಾರೂ ಹೇಳುವುದಿಲ್ಲ, ಅಲ್ವಾ, ಹಾಗೆ. ದುಡ್ಡಿನ ವಿಷಯ ಹೇಳುವುದಾದರೆ, ಬಡ ದೇಶಗಳಿಗೆ 2020ರೊಳಗೆ ವರ್ಷಕ್ಕೆ 100 ಬಿಲಿಯನ್ ಡಾಲರ್ ಕೊಡುತ್ತೇವೆಂದು 2009ರಲ್ಲಿ ಹೇಳಿದ್ದು, ಶ್ರೀಮಂತ ದೇಶಗಳ ಸ್ವಂತ ಲೆಕ್ಕದಲ್ಲೇ 2022ಕ್ಕೆ ಮುಟ್ಟಿತು.

ಇಷ್ಟು ಹೊರಗಿನ ಕತೆ. ಒಳಗಿನದು ನನಗೆ ಇನ್ನೂ ಕುತೂಹಲದ್ದು.

2010ರ ಬಜೆಟ್‌ನಲ್ಲಿ ಆಗಿನ ಹಣಕಾಸು ಸಚಿವ ಪ್ರಣಬ್ ಮುಖರ್ಜಿ ಕಲ್ಲಿದ್ದಲಿನ ಮೇಲೆ ಟನ್ನಿಗೆ 50 ರೂಪಾಯಿ ಸೆಸ್ ತಂದರು. ಆ ದುಡ್ಡು ಶುದ್ಧ ಇಂಧನದ ನಿಧಿಗೆ ಅಂದರು. ಒಳ್ಳೆಯ ಯೋಚನೆಯೇ. ಸೆಸ್ 2014ರಲ್ಲಿ 100, ಮರುವರ್ಷ 200, 2016ರಲ್ಲಿ 400 ಆಯಿತು. 2017–18ರ ವರೆಗೆ 86,440 ಕೋಟಿ ರೂಪಾಯಿ ಬಂತು. ಅದರಲ್ಲಿ ನಿಧಿಗೆ ಹೋದದ್ದು 29,645 ಕೋಟಿ. ಯೋಜನೆಗಳಿಗೆ ತಲುಪಿದ್ದು 15,911 ಕೋಟಿ. 2017ರಲ್ಲಿ ಜಿಎಸ್‌ಟಿ ಬಂದಾಗ ಸೆಸ್ಸಿನ ಹೆಸರೇ ಬದಲಾಗಿ, ರಾಜ್ಯಗಳ ತೆರಿಗೆ ನಷ್ಟ ತುಂಬಲು ಹೋಯಿತು. 2025ರ ಸೆಪ್ಟೆಂಬರ್‌ನಲ್ಲಿ ಅದನ್ನೂ ತೆಗೆದು, ಕಲ್ಲಿದ್ದಲಿನ ಜಿಎಸ್‌ಟಿಯನ್ನು ಶೇ 5ರಿಂದ 18ಕ್ಕೆ ಏರಿಸಿದರು. ದೇವರ ಹೆಸರಲ್ಲಿ ವಂತಿಗೆ ಎತ್ತಿ ಮನೆ ಸಾಲ ತೀರಿಸಿದ ಹಾಗೆ. ಕೇಂದ್ರದಲ್ಲಿ ಎರಡೂ ಬಣದವರು ಆಳಿದ ಕಾಲ ಅದು, ಹಾಗಾಗಿ ಒಬ್ಬರನ್ನೇ ಬೈದು ಪ್ರಯೋಜನ ಇಲ್ಲ.

ಸೋಲಾರ್‌ನಲ್ಲಿ ಕೆಲಸ ಆಗಿಲ್ಲ ಅನ್ನಲಾಗದು. 2010ರಲ್ಲಿ ಶುರುವಾದ ರಾಷ್ಟ್ರೀಯ ಸೌರ ಮಿಷನ್‌ನ ಗುರಿ 2022ಕ್ಕೆ 20 ಗಿಗಾವಾಟ್ ಇತ್ತು, 2015ರಲ್ಲಿ ಅದನ್ನು 100 ಮಾಡಿದರು. ಮೊದಲ ಹರಾಜಿನಲ್ಲಿ ಯೂನಿಟ್‌ಗೆ 10 ರೂಪಾಯಿಗಿಂತ ಮೇಲಿದ್ದ ದರ 2017ರಲ್ಲಿ ರಾಜಸ್ಥಾನದ ಭಡ್ಲಾದಲ್ಲಿ 2.44ಕ್ಕೆ ಇಳಿಯಿತು. ಅಗ್ಗವಾದದ್ದು ಮುಖ್ಯವಾಗಿ ಚೀನಾದ ಪ್ಯಾನೆಲ್‌ನಿಂದ. ಪ್ಯಾನೆಲ್ ಇಲ್ಲಿಯದೇ ಇರಬೇಕು ಅಂತ ನಮ್ಮವರು ಷರತ್ತು ಹಾಕಿದಾಗ ಅಮೆರಿಕ ವಿಶ್ವ ವ್ಯಾಪಾರ ಸಂಸ್ಥೆಗೆ (ಡಬ್ಲ್ಯುಟಿಒ) ದೂರು ಕೊಟ್ಟು 2016ರಲ್ಲಿ ಗೆದ್ದಿತು. ಆಮೇಲೆ 2022ರಲ್ಲಿ ಭಾರತ ಹೊರಗಿನ ಪ್ಯಾನೆಲ್‌ಗೆ ಶೇ 40 ಸುಂಕ ಹಾಕಿತು.

ಆ ಮಿಷನ್ ನಮ್ಮೂರಿಗೂ ಬಂತು. ಪೈವಳಿಕೆ, ಮೀಂಜ, ಚಿಪ್ಪಾರು ಗ್ರಾಮಗಳ ಸುಮಾರು 250 ಎಕರೆಯಲ್ಲಿ 50 ಮೆಗಾವಾಟ್ ಸೋಲಾರ್ ಘಟಕ, ಸುಮಾರು 280 ಕೋಟಿ ರೂಪಾಯಿಯದ್ದು. 2021ರ ಫೆಬ್ರವರಿಯಲ್ಲಿ ಪ್ರಧಾನಿ ಉದ್ಘಾಟಿಸಿದರು. ಕಟ್ಟಿದ್ದು ಭಾಗೀರಥಿ ನದಿಯ ಮೇಲಿನ ತೆಹ್ರಿ ಅಣೆಕಟ್ಟಿನ ಕಂಪನಿ, ಮುರಕಲ್ಲಿನ ಗುಡ್ಡೆಗೂ ಅವರೇ ಬಂದರು ನೋಡಿ. ಹಟ್ಟಿಯ ದನ ಮೇಯಲು ಹೋಗುತ್ತಿದ್ದದ್ದು, ಮುಳಿಹುಲ್ಲು ಬರುತ್ತಿದ್ದದ್ದು ಇಂಥ ಬೋಳುಗುಡ್ಡೆಗಳಿಂದಲೇ. ಸರ್ಕಾರದ ಕಡತದಲ್ಲಿ ಇಂಥ ಜಾಗದಿಂದ ಆದಾಯ ಕಾಣುವುದಿಲ್ಲ. ಆದ್ದರಿಂದ ಅದು ಖಾಲಿ.

ತೋಟದವರಿಗೆ ಹೆಚ್ಚು ಭಯ ಹುಟ್ಟಿಸಿದ್ದು ತಂತಿ. ಕೇರಳದಲ್ಲಿ ಕಲ್ಲಿದ್ದಲು ಸುಡುವ ಒಂದು ಸ್ಥಾವರವೂ ಇಲ್ಲ. ಬೇಕಾದ ಕರೆಂಟಿನ ದೊಡ್ಡ ಪಾಲನ್ನು ಹೊರಗಿಂದ ತರುತ್ತದೆ. ಅದಕ್ಕೇ ಉಡುಪಿಯಿಂದ ಕಾಸರಗೋಡಿನ ಕರಿಂದಳಕ್ಕೆ 400 ಕೆ.ವಿ. ಲೈನ್. ಹೊರಡುವ ಕಡೆ ಇರುವುದು ವಿದೇಶಿ ಕಲ್ಲಿದ್ದಲು ಸುಡುವ 1,200 ಮೆಗಾವಾಟ್ ಸ್ಥಾವರ. ಹೊಗೆ ಅಲ್ಲಿ, ಹಸಿರು ಹೆಸರು ಇಲ್ಲಿ. ಲೈನಿನಡಿ 46 ಮೀಟರ್ ಅಗಲಕ್ಕೆ ಅಡಿಕೆ, ತೆಂಗು ನಿಲ್ಲುವಂತಿಲ್ಲ. ಆದರೆ ಜಾಗ ನಿಮ್ಮ ಹೆಸರಲ್ಲೇ ಇರುತ್ತದೆ, ಭೂಸ್ವಾಧೀನ ಅಲ್ಲ. ಹೀಗೆ ತಂತಿ ಎಳೆಯುವ ಅಧಿಕಾರ ಬಂದಿರುವುದು 1885ರ ಟೆಲಿಗ್ರಾಫ್ ಕಾಯ್ದೆಯಿಂದ! ಲೈನಿನಡಿಯ ಜಾಗಕ್ಕೆ ಭೂಮಿ ಬೆಲೆಯ ಶೇ 15 ಅಂತಿದ್ದ ಪರಿಹಾರವನ್ನು 2024ರ ಕೇಂದ್ರದ ಮಾರ್ಗಸೂಚಿ ಶೇ 30ಕ್ಕೆ ಏರಿಸಿತು. ದಕ್ಷಿಣ ಕನ್ನಡದ ರೈತರು ಬೀದಿಗಿಳಿದದ್ದು ಸುಮ್ನೆ ಅಲ್ಲ.

ದೇಶದ ವಿದ್ಯುತ್ ಸಾಮರ್ಥ್ಯದಲ್ಲಿ ಅರ್ಧ ಭಾಗ ಕಲ್ಲಿದ್ದಲು, ಅನಿಲ ಬಿಟ್ಟು ಬೇರೆ ಮೂಲಗಳದ್ದು ಎಂದು 2025ರಲ್ಲಿ ಘೋಷಣೆ ಆಯಿತು. ನಿಜವೇ. ಆದರೆ ಉತ್ಪಾದನೆಯಾಗುವ ಹತ್ತು ಯೂನಿಟ್‌ನಲ್ಲಿ ಏಳು ಈಗಲೂ ಕಲ್ಲಿದ್ದಲಿನದ್ದೇ.

ಇನ್ನು ಮಾವನ ಪಾಲಿಗೆ ಉಳಿದದ್ದು ಹವಾಮಾನ ಆಧಾರಿತ ಬೆಳೆ ವಿಮೆ. 2016ರ ಹೊಸ ರೂಪದಲ್ಲಿ ತೋಟದ ಬೆಳೆಗೆ ರೈತ ಕಟ್ಟುವುದು ವಿಮಾ ಮೊತ್ತದ ಶೇ 5. ಉಳಿದ ಕಂತು ಕೇಂದ್ರ ಮತ್ತು ರಾಜ್ಯದ್ದು. ಮರದ ಬುಡದಲ್ಲಿ ಎಷ್ಟು ಕಾಯಿ ಬಿದ್ದಿದೆ ಅಂತ ಯಾರೂ ಎಣಿಸುವುದಿಲ್ಲ. ಮಳೆಮಾಪಕದ ಅಂಕಿ ನಿಗದಿತ ಗೆರೆ ದಾಟಿತೋ ಇಲ್ಲವೋ, ಅಷ್ಟೇ. ಗೆರೆ ಎಲ್ಲಿ, ಮಾಪಕ ಎಲ್ಲಿ ಎಂಬುದು ಆಯಾ ರಾಜ್ಯದ ಯೋಜನೆಯ ಪ್ರಕಾರ. ಅತ್ತೆಯ ತಮ್ಮನ ತೋಟ ಗಡಿಯಾಚೆ ಕರ್ನಾಟಕದ ವಿಟ್ಲದ ಬಳಿ ಇದೆ. ಮಾವನ ತೋಟದಿಂದ ಅಲ್ಲಿಗೆ ಬೈಕಿನಲ್ಲಿ ಅರ್ಧ ಗಂಟೆ. ಅವರ ಖಾತೆಗೆ ದುಡ್ಡು ಬಂದ ಸುದ್ದಿ ಫೋನಿನಲ್ಲಿ ಬಂದ ದಿನ ಮಾವ ತಮ್ಮ ಫೈಲು ತೆಗೆದರು. ಅರ್ಜಿ ಮಲಯಾಳದಲ್ಲಿತ್ತು. ಓದಿ ಹೇಳಲು ಮೊಮ್ಮಗಳನ್ನು ಕರೆದರು.

"ಇದರಲ್ಲಿ ತೋಟದ ಹೆಸರೇ ತಪ್ಪಿದೆಯಲ್ಲ ಅಜ್ಜಾ" ಅಂದಳು ಅವಳು.