ನೆಲ್ಲಿ ಕೂರ್ನೊಯಾ: ಮೊದಲು ನೆಲ, ಆಮೇಲೆ ಕುರ್ಚಿ

ಕೆನಡಾದ ರಾಜಕೀಯವನ್ನು ಓದುವವರು ನೆಲ್ಲಿ ಕೂರ್ನೊಯಾ ಅವರ ಬಗ್ಗೆ ಸಾಮಾನ್ಯವಾಗಿ ಒಂದೇ ಸಾಲು ಬರೆದುಕೊಳ್ಳುತ್ತಾರೆ: 1991ರಿಂದ 1995ರವರೆಗೆ ಕೆನಡಾದ ವಾಯವ್ಯ ಭಾಗದ ಆಡಳಿತ ಪ್ರದೇಶವಾದ ನಾರ್ತ್‌ವೆಸ್ಟ್ ಟೆರಿಟರೀಸ್‌ನ ಸರ್ಕಾರವನ್ನು ನಡೆಸಿದರು, ಆ ದೇಶದಲ್ಲಿ ಅಂಥ ಸ್ಥಾನಕ್ಕೇರಿದ ಮೊದಲ ಮೂಲನಿವಾಸಿ ಮಹಿಳೆ. ಸಾಲು ಸರಿಯಾಗಿಯೇ ಇದೆ. ಆದರೆ ಅಷ್ಟಕ್ಕೇ ನಿಂತರೆ ಅವರ ಅತಿ ದೊಡ್ಡ ಕೆಲಸವೇ ಬಿಟ್ಟುಹೋಗುತ್ತದೆ. ಅದು ಕುರ್ಚಿ ಸಿಗುವುದಕ್ಕೆ ಏಳು ವರ್ಷ ಮೊದಲೇ ಆಗಿತ್ತು.

ಹುಟ್ಟಿದ್ದು 1940ರಲ್ಲಿ, ಮೆಕೆಂಜಿ ನದಿಯ ಮುಖಜಭೂಮಿಯಲ್ಲಿರುವ ಅಕ್ಲಾವಿಕ್‌ನಲ್ಲಿ. ತಾಯಿ ಇನುವಿಯಾಲುಯಿತ್, ಅಂದರೆ ಪಶ್ಚಿಮ ಆರ್ಕ್‌ಟಿಕ್‌ನ ಇನುಯಿಟ್ ಸಮುದಾಯದವರು. ತಂದೆ ನಾರ್ವೆ ಮೂಲದವರು. ಓದಿದ್ದು ಅಂಚೆ ಶಿಕ್ಷಣದ ಮೂಲಕ. ಇನುವಿಕ್‌ನ ಸಿಬಿಸಿ (ಕೆನಡಾದ ಸಾರ್ವಜನಿಕ ಪ್ರಸಾರ ಸಂಸ್ಥೆ) ರೇಡಿಯೋದಲ್ಲಿ ಉದ್ಘೋಷಕಿಯಾಗಿ, ಮುಂದೆ ವ್ಯವಸ್ಥಾಪಕಿಯಾಗಿ ದುಡಿದರು. ಚದುರಿದ ಹಳ್ಳಿಗಳನ್ನು ಒಂದಕ್ಕೊಂದು ಬೆಸೆಯುತ್ತಿದ್ದುದೇ ಆಗ ರೇಡಿಯೋ.

1968ರಲ್ಲಿ ಅಲಾಸ್ಕದ ಪ್ರುಡೋ ಕೊಲ್ಲಿಯಲ್ಲಿ ತೈಲ ಸಿಕ್ಕಿತು. ಕಂಪನಿಗಳ ಕಣ್ಣು ಪಕ್ಕದ ಕೆನಡಾದ ಆರ್ಕ್‌ಟಿಕ್ ಮೇಲೂ ಬಿತ್ತು. 1970ರ ಹೊತ್ತಿಗೆ ಆಗ್ನೆಸ್ ಸೆಮ್ಲರ್ ಮೊದಲಾದವರೊಡನೆ ಸೇರಿ ಕೂರ್ನೊಯಾ ‘ಕೋಪ್’ (ಮೂಲಜನರ ಹಕ್ಕುಗಳ ಸಮಿತಿ) ಎಂಬ ಸಂಘಟನೆಯನ್ನು ಕಟ್ಟಿದರು. ಈ ನೆಲ ಯಾರದು ಎಂದು ಅದು ನೇರವಾಗಿ ಕೇಳಿತು. ಹದಿನಾಲ್ಕು ವರ್ಷಗಳ ಹೋರಾಟದ ಫಲವೇ 1984ರ ಇನುವಿಯಾಲುಯಿತ್ ಅಂತಿಮ ಒಪ್ಪಂದ. ಇದನ್ನು ಎಚ್ಚರಿಕೆಯಿಂದ ಓದಬೇಕು. ಸುಮಾರು 91,000 ಚದರ ಕಿಲೋಮೀಟರ್ ಭೂಮಿಯ ಒಡೆತನ ಸಿಕ್ಕಿತು, ನಿಜ. ಆದರೆ ನೆಲದಡಿಯ ತೈಲ ಮತ್ತು ಖನಿಜದ ಹಕ್ಕೂ ಸೇರಿ ಸಿಕ್ಕಿದ್ದು ಸುಮಾರು 13,000 ಚದರ ಕಿಲೋಮೀಟರ್‌ಗೆ ಮಾತ್ರ. ಉಳಿದ ವಿಶಾಲ ಪ್ರದೇಶದ ಮೇಲಿನ ಹಕ್ಕುದಾವೆಯನ್ನು ಸಮುದಾಯ ಬಿಟ್ಟುಕೊಡಬೇಕಾಯಿತು. ಬೇಟೆಯ ಹಕ್ಕು, ವನ್ಯಜೀವಿ ನಿರ್ವಹಣೆಯಲ್ಲಿ ಪಾಲು ಮತ್ತು ಹಣ ದೊರೆತವು.

ಈ ನಡುವೆ 1979ರಲ್ಲಿ ಅವರು ಶಾಸನಸಭೆಗೆ ಆಯ್ಕೆಯಾದರು. ಆಗಿನ್ನೂ ಆಡಳಿತದ ತುದಿಯಲ್ಲಿದ್ದವರು ರಾಜಧಾನಿ ಒಟ್ಟಾವದ ಕೇಂದ್ರ ಸರ್ಕಾರ ನೇಮಿಸಿದ ಕಮಿಷನರ್. ಅಲ್ಲಿನ ವ್ಯವಸ್ಥೆಯೂ ವಿಶಿಷ್ಟ: ಪಕ್ಷಗಳೇ ಇಲ್ಲ. ನಮ್ಮ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇಲ್ಲದಿರುವುದನ್ನು ನೆನೆದರೆ ಸ್ವಲ್ಪ ಅಂದಾಜು ಸಿಗುತ್ತದೆ. ಗೆದ್ದ ಸದಸ್ಯರೇ ಗುಪ್ತ ಮತದಾನದಿಂದ ನಾಯಕರನ್ನೂ ಮಂತ್ರಿಗಳನ್ನೂ ಆರಿಸುತ್ತಾರೆ. ಸಭೆಯಲ್ಲಿ ಮಂತ್ರಿಗಳ ಸಂಖ್ಯೆ ಉಳಿದವರಿಗಿಂತ ಕಡಿಮೆ. ಪ್ರತಿ ಮಸೂದೆಗೂ ಒಬ್ಬೊಬ್ಬರನ್ನಾಗಿ ಒಪ್ಪಿಸಬೇಕು. ಹಳ್ಳಿಹಳ್ಳಿಯ ಮಾತು ಕೇಳಿ ಬೆಳೆದ ಕೂರ್ನೊಯಾ ಅವರಿಗೆ ಇದು ಒಗ್ಗುವ ಕೆಲಸವಾಗಿತ್ತು ಎಂದು ನನಗನ್ನಿಸುತ್ತದೆ. ಅವರ ಅವಧಿಯಲ್ಲೇ, 1993ರಲ್ಲಿ, ನುನಾವುಟ್ ಕಾಯ್ದೆ ಬಂದು ಪ್ರದೇಶ ಇಬ್ಭಾಗವಾಗುವುದು, ಪೂರ್ವಭಾಗ ನುನಾವುಟ್ ಎಂಬ ಹೊಸ ಪ್ರದೇಶವಾಗುವುದು ಖಚಿತವಾಯಿತು. ಇನುವಿಯಾಲುಯಿತ್ ಜನ ಪಶ್ಚಿಮದಲ್ಲೇ ಉಳಿದರು.

ಹುದ್ದೆಯಿಂದ ಇಳಿದ ಮೇಲೆ ಅವರು ಹೋದದ್ದು ಮತ್ತೆ ಅದೇ ನೆಲದ ಕೆಲಸಕ್ಕೆ. ಒಪ್ಪಂದದ ಆಸ್ತಿಯನ್ನು ನೋಡಿಕೊಳ್ಳುವ ಇನುವಿಯಾಲುಯಿತ್ ಪ್ರಾದೇಶಿಕ ನಿಗಮಕ್ಕೆ 1996ರಿಂದ 2016ರವರೆಗೆ ಅಧ್ಯಕ್ಷರಾಗಿದ್ದರು. ಆ ಅವಧಿಯಲ್ಲಿ, ಉತ್ತರದ ಅನಿಲವನ್ನು ದಕ್ಷಿಣಕ್ಕೆ ಸಾಗಿಸಲು ಯೋಜಿಸಿದ್ದ ಮೆಕೆಂಜಿ ಅನಿಲ ಕೊಳವೆಮಾರ್ಗದಲ್ಲಿ ಮೂಲನಿವಾಸಿಗಳಿಗೂ ಒಡೆತನದ ಪಾಲಿರಬೇಕು ಎಂಬ ಪ್ರಯತ್ನವನ್ನು ಬೆಂಬಲಿಸಿದರು. ಕಂಪನಿಗಳನ್ನು ಪ್ರಶ್ನಿಸಿದ್ದವರು ಹೀಗೇಕೆ ಎಂದು ಕೆಲವರಿಗೆ ಅನ್ನಿಸಬಹುದು. ನನಗೆ ಇದರಲ್ಲಿ ವಿರೋಧ ಕಾಣುವುದಿಲ್ಲ: 1970ರಲ್ಲಿ ಜನರ ಕೈಯಲ್ಲಿ ಹಕ್ಕುಪತ್ರವಿರಲಿಲ್ಲ, 1984ರ ನಂತರ ಇತ್ತು. ಆ ಕೊಳವೆಮಾರ್ಗದ ಯೋಜನೆಯನ್ನು 2017ರಲ್ಲಿ ಕೈಬಿಡಲಾಯಿತು.