ಕೋರಿಡೋರಸ್ ಕಸ ಗುಡಿಸಲು ಬಂದ ಮೀನಲ್ಲ

ಅಕ್ವೇರಿಯಂ ಅಂಗಡಿಯಲ್ಲಿ ಕೋರಿಡೋರಸ್ (ಚಿಕ್ಕದಾಗಿ ‘ಕೋರಿ’) ಎಂಬ ಮೀಸೆಯ ಮೀನು ಬಿಕರಿಯಾಗುವುದು ‘ಕ್ಲೀನರ್ ಮೀನು’ ಎಂಬ ಹೆಸರಿನಲ್ಲಿ. ಮೇಲಿನ ಮೀನು ಬಿಟ್ಟದ್ದನ್ನು ತಿಂದುಕೊಂಡು ತಳ ಚೊಕ್ಕಟವಾಗಿಡುತ್ತವೆ, ಒಂದು ಜೋಡಿ ಹಾಕಿದರೆ ಸಾಕು ಎಂದು ಹೇಳಿ ಕಳಿಸುತ್ತಾರೆ. ಆಮೇಲೆ ಟ್ಯಾಂಕ್ ನೋಡಲು ನನ್ನನ್ನು ಕರೆಸುವ ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವುದು ಒಂದೇ ನೋಟ: ಹೊಟ್ಟೆ ಒಳಸರಿದ, ಮೀಸೆ ಸವೆದ ಎರಡು ಮೀನು ಫಿಲ್ಟರ್ ಹಿಂದೆ ಅವಿತಿರುತ್ತವೆ. ಕೋರಿ ಪಾಚಿ ತಿನ್ನುವುದಿಲ್ಲ, ಬೇರೆ ಮೀನಿನ ಹಿಕ್ಕೆಯನ್ನಂತೂ ಮೂಸುವುದೂ ಇಲ್ಲ. ಅದಕ್ಕೆ ಬೇಕಾದದ್ದು ಹುಳ, ಮುಳುಗುವ ಪೆಲೆಟ್, ಜೊತೆಗೆ ತನ್ನದೇ ಜಾತಿಯ ಕನಿಷ್ಠ ಆರು ಮೀನು. ರಾತ್ರಿ ಲೈಟ್ ಆರಿಸಿದ ಮೇಲೆ ಪೆಲೆಟ್ ಹಾಕಿದರೆ ಟೆಟ್ರಾದಂಥ ಮೇಲೆ ಈಜುವ ಮೀನುಗಳು ದೋಚುವುದಿಲ್ಲ.

ಆಯ್ಕೆಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಡಿ. ನಮ್ಮಲ್ಲಿ ಸುಲಭವಾಗಿ ಸಿಗುವ ಗಟ್ಟಿ ಜಾತಿಗಳೆಂದರೆ ಕಂದು ಹೊಳಪಿನ ಬ್ರಾಂಜ್ ಮತ್ತು ಚುಕ್ಕೆಗಳ ಪೆಪ್ಪರ್ಡ್. ಬಿಳಿ ಮೈ, ಕೆಂಪು ಕಣ್ಣಿನ ‘ಆಲ್ಬಿನೊ’ ಹೆಚ್ಚಾಗಿ ಬ್ರಾಂಜ್‌ನದೇ ತಳಿ. ಪೆಪ್ಪರ್ಡ್ ದಕ್ಷಿಣ ಅಮೆರಿಕದ ಲಾ ಪ್ಲಾಟಾ ನದಿಸೀಮೆಯದು, ಅಲ್ಲಿ ಚಳಿಗಾಲ ಚೆನ್ನಾಗಿಯೇ ಕೊರೆಯುತ್ತದೆ. 19ನೇ ಶತಮಾನದಲ್ಲೇ, ವಿದ್ಯುತ್ ಹೀಟರ್ ಇಲ್ಲದ ಕಾಲದಲ್ಲಿ, ಪ್ಯಾರಿಸ್‌ನ ಮೀನು ಸಾಕಣೆದಾರ ಪಿಯರ್ ಕಾರ್ಬೊನಿಯೆ ಇದನ್ನು ಸಾಕಿ ಮರಿ ಮಾಡಿಸಿದ್ದ. 18ರಿಂದ 24 ಡಿಗ್ರಿ ಅದಕ್ಕೆ ಹಿತ. ಹಾಗಾಗಿ ಬೆಂಗಳೂರು, ಮೈಸೂರು, ಮಡಿಕೇರಿಯವರು ವರ್ಷದ ಬಹುಪಾಲು ಹೀಟರ್ ಮರೆತುಬಿಡಬಹುದು. ಮಂಗಳೂರು, ಕಾರವಾರದ ಬೇಸಿಗೆಯಲ್ಲಿ ಪೆಪ್ಪರ್ಡ್ ಒದ್ದಾಡುತ್ತದೆ. ಅಲ್ಲಿಯವರು ಕಾಸು ತುಸು ಹೆಚ್ಚಾದರೂ 28 ಡಿಗ್ರಿವರೆಗೆ ತಾಳುವ ಸ್ಟರ್ಬೈ ಎಂಬ ಕೋರಿ ಜಾತಿ ತರುವುದು ಜಾಣತನ. (2024ರಲ್ಲಿ ವಿಜ್ಞಾನಿಗಳು ಈ ಕುಲವನ್ನು ಹಲವಾಗಿ ಒಡೆದು ಬ್ರಾಂಜ್‌ಗೆ ಆಸ್ಟಿಯೊಗ್ಯಾಸ್ಟರ್, ಪೆಪ್ಪರ್ಡ್‌ಗೆ ಹಾಪ್ಲಿಸೋಮ ಎಂದು ಹೆಸರಿಟ್ಟಿದ್ದಾರೆ. ಅಂಗಡಿಯಲ್ಲಿ ಹಾಗೆ ಕೇಳಿದರೆ ನಿಮ್ಮನ್ನೇ ವಿಚಿತ್ರವಾಗಿ ನೋಡುತ್ತಾರೆ.)

ಎರಡಡಿ ಉದ್ದ, ಒಂದಡಿ ಅಗಲದ ಟ್ಯಾಂಕ್ ಆರು ಮೀನಿಗೆ ಸಾಕು. ಎತ್ತರಕ್ಕಿಂತ ತಳದ ಜಾಗ ಮುಖ್ಯ. ಆ ತಳಕ್ಕೆ ಏನು ಹಾಸುತ್ತೀರಿ ಎನ್ನುವುದು ಅದಕ್ಕಿಂತ ಮುಖ್ಯ. ಕೋರಿ ಮೂತಿಯನ್ನು ಕಣ್ಣಿನವರೆಗೂ ಮರಳಿಗೆ ತೂರಿಸಿ, ಬಾಯ್ತುಂಬ ಎತ್ತಿಕೊಂಡು, ತಿನ್ನುವುದನ್ನು ಉಳಿಸಿಕೊಂಡು ಮಿಕ್ಕ ಮರಳನ್ನು ಕಿವಿರಿನಿಂದ ಉದುರಿಸುತ್ತದೆ. ಮನೆ ಕಟ್ಟುವ ಕಡೆ ಪುಕ್ಕಟೆ ಸಿಗುತ್ತದೆಂದು ಎಂ-ಸ್ಯಾಂಡ್ ತಂದು ಹಾಕುವವರಿದ್ದಾರೆ. ಅದು ಬಂಡೆ ಒಡೆದು ಮಾಡಿದ ಪುಡಿ. ಬೆರಳಲ್ಲಿ ತಿಕ್ಕಿ ನೋಡಿದರೆ ಅಂಚಿನ ಹರಿತ ಗೊತ್ತಾಗುತ್ತದೆ. ಸಣ್ಣ ಹೊಳೆ ಮರಳನ್ನು ಜರಡಿ ಹಿಡಿದು, ನೀರು ತಿಳಿಯಾಗುವವರೆಗೆ ತೊಳೆದು, ಎರಡು ಬೆರಳು ದಪ್ಪ ಹಾಸಿ. ಮೀಸೆ ಸವೆಯಲು ಹರಿತವೊಂದೇ ಕಾರಣವಲ್ಲ. ಕೊಳೆತ ಊಟ ತಳದಲ್ಲಿ ಕೂತರೆ ನುಣ್ಣನೆ ಮರಳಿನಲ್ಲೂ ಮೀಸೆ ಕರಗುತ್ತದೆ. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸುವಾಗ ಪೈಪಿನಿಂದ ತಳದ ಕೊಳೆಯನ್ನೂ ಎಳೆಯಿರಿ. ನಲ್ಲಿ ನೀರಾದರೆ ಆಂಟಿ-ಕ್ಲೋರಿನ್ ಹಾಕಲೇಬೇಕು.

ಇದ್ದಕ್ಕಿದ್ದಂತೆ ರೊಯ್ಯನೆ ಮೇಲೆ ಹೋಗಿ ಗಾಳಿ ನುಂಗಿ ಬಂದರೆ ಗಾಬರಿಯಾಗಬೇಡಿ. ನುಂಗಿದ ಗಾಳಿಯ ಆಮ್ಲಜನಕವನ್ನು ಕರುಳೇ ಹೀರಿಕೊಳ್ಳುತ್ತದೆ. ಕರೆಂಟ್ ಹೋಗಿ ಏರ್ ಪಂಪ್ ನಿಂತಾಗ ಇವು ಬದುಕುಳಿಯಲು ಇದೂ ಒಂದು ಕಾರಣ. ಮುಚ್ಚಳಕ್ಕೂ ನೀರಿಗೂ ನಡುವೆ ಜಾಗ ಬಿಡಿ, ಅಷ್ಟೆ. ಆದರೆ ಎಲ್ಲವೂ ನಿಮಿಷಕ್ಕೊಮ್ಮೆ ಓಡುತ್ತಿದ್ದರೆ ನೀರು ಕೆಟ್ಟಿದೆ ಎಂದೇ ಲೆಕ್ಕ. ಹಿಡಿಯುವಾಗ ಬಲೆಗಿಂತ ಲೋಟ ಮೇಲು. ರೆಕ್ಕೆಯ ಮುಳ್ಳು ನೆಟ್ಟಗೆ ನಿಂತು ಬಲೆಗೆ ಸಿಕ್ಕಿಕೊಳ್ಳುತ್ತದೆ, ಕೈಗೆ ಚುಚ್ಚಿದರೆ ಉರಿಯುತ್ತದೆ. ಯಾವ ಕಾಯಿಲೆಗೂ ಹಿಡಿ ಉಪ್ಪು ಸುರಿಯುವ ಚಾಳಿಯನ್ನು ಈ ಮೀನಿನ ಮಟ್ಟಿಗೆ ಬಿಡಿ.

ಇಷ್ಟು ಆದರ ಸಿಕ್ಕ ಗುಂಪು ಒಂದು ವರ್ಷ ತುಂಬುವ ಹೊತ್ತಿಗೆ ಮೊಟ್ಟೆಗೆ ಸಿದ್ಧ. ಮೇಲಿನಿಂದ ನೋಡಿ: ಹೆಣ್ಣಿನ ಮೈ ಅಗಲ, ಗಂಡು ಸಪೂರ. ಒಂದು ಹೆಣ್ಣಿಗೆ ಎರಡು ಗಂಡು ಇದ್ದರೆ ಒಳ್ಳೆಯದು. ಎರಡು ವಾರ ಫ್ರೋಜನ್ ಬ್ಲಡ್‌ವರ್ಮ್ (ಕೆಂಪು ಹುಳ), ಆರ್ಟೀಮಿಯ (ಉಪ್ಪುನೀರಿನ ಪುಟ್ಟ ಸಿಗಡಿ) ಕೊಟ್ಟು ಬೆಳೆಸಿ. ಚರಂಡಿಯಿಂದ ಬರುವ ಟ್ಯೂಬಿಫೆಕ್ಸ್ ಹುಳ ಅಗ್ಗವೇನೋ ಹೌದು, ರೋಗವೂ ಜೊತೆಗೇ ಬರುತ್ತದೆ. ಆಮೇಲೆ ಬೇಕಾದದ್ದು ಮಳೆ. ಅವುಗಳ ಊರಲ್ಲಿ ಮಳೆ ಬಿದ್ದು ಹೊಳೆ ತಣ್ಣಗಾದಾಗ ಮೊಟ್ಟೆಯ ಕಾಲ. ನಾವು ಅರ್ಧ ಟ್ಯಾಂಕ್ ನೀರು ತೆಗೆದು, ಮೂರ್ನಾಲ್ಕು ಡಿಗ್ರಿ ತಣ್ಣಗಿರುವ ಮೆದು ನೀರನ್ನು ನಿಧಾನವಾಗಿ ತುಂಬುತ್ತೇವೆ. ಬೋರ್‌ವೆಲ್ ನೀರು ಗಡುಸಾಗಿದ್ದರೆ ಆರ್‌ಒ ನೀರು ಬೆರೆಸಿ. ಮೊದಲ ದಿನ ಏನೂ ಆಗದಿದ್ದರೆ ಮರುದಿನ ಮತ್ತೊಮ್ಮೆ. ಮೋಡ ಕವಿದು ಮಳೆ ಹಿಡಿದ ದಿನ ನೋಡಿಕೊಂಡು ಮಾಡಿದರೆ ಬೇಗ ಫಲ ಸಿಗುತ್ತದೆ ಎನ್ನುವುದು ಸಾಕಣೆದಾರರ ನಂಬಿಕೆ, ನಾನೂ ಹಾಗೇ ಮಾಡುವವನು.

ಗಂಡುಗಳು ಹೆಣ್ಣಿನ ಬೆನ್ನು ಹತ್ತಿ ಗಾಜಿನುದ್ದಕ್ಕೂ ಓಡುತ್ತವೆ. ಕೊನೆಗೆ ಒಂದು ಗಂಡು ಅಡ್ಡ ನಿಲ್ಲುತ್ತದೆ, ಹೆಣ್ಣು ಅದರ ಹೊಟ್ಟೆಯ ಕೆಳಗೆ ಬಾಯಿ ಒತ್ತಿ ಹಿಡಿಯುತ್ತದೆ. ಮೇಲಿನಿಂದ ಇಂಗ್ಲಿಷಿನ ‘ಟಿ’ ಅಕ್ಷರದಂತೆ ಕಾಣುತ್ತದೆ. ಬ್ರಾಂಜ್ ಹೆಣ್ಣು ಆಗ ವೀರ್ಯವನ್ನು ಕುಡಿಯುತ್ತದೆ, ಅದು ಕೆಲವೇ ಸೆಕೆಂಡಿನಲ್ಲಿ ಕರುಳು ದಾಟಿ ಹೊರಬಿದ್ದು ಮೊಟ್ಟೆಗಳನ್ನು ಸೇರುತ್ತದೆ ಎಂದು ಜಪಾನಿನ ಸಂಶೋಧಕರು 1995ರಲ್ಲಿ ಪ್ರಕಟಿಸಿದರು. ಹೊಟ್ಟೆಯಡಿಯ ರೆಕ್ಕೆಗಳನ್ನು ಬೊಗಸೆಯಂತೆ ಮಡಿಸಿ ಅದರಲ್ಲಿ ಎರಡು-ಮೂರು ಮೊಟ್ಟೆ ಹೊತ್ತು ಹೆಣ್ಣು ಜಾಗ ಹುಡುಕುತ್ತದೆ, ಗಾಜನ್ನೋ ಎಲೆಯನ್ನೋ ಬಾಯಿಂದ ಒರೆಸಿ ಅಂಟಿಸುತ್ತದೆ. ಹೀಗೆ ತಾಸುಗಟ್ಟಲೆ.

ಅಂಟಿಸಿ ಮುಗಿಸಿದ ಮೇಲೆ ಅವೇ ಮೊಟ್ಟೆಗಳನ್ನು ಮೆಲ್ಲುವ ಗುಣವೂ ಇದಕ್ಕಿದೆ. ಅಂದೇ ಬಿಡಿಸಿಬಿಡಿ. ಕೆಲವು ಗಂಟೆಯಲ್ಲಿ ಮೊಟ್ಟೆಯ ಸಿಪ್ಪೆ ಗಟ್ಟಿಯಾಗುತ್ತದೆ, ಬೆರಳ ತುದಿಯಿಂದ ಉರುಳಿಸಿದರೆ ಒಡೆಯುವುದಿಲ್ಲ. ಅದೇ ಟ್ಯಾಂಕಿನ ನೀರು ತುಂಬಿದ ಡಬ್ಬಿಯಲ್ಲಿ ಏರ್ ಸ್ಟೋನ್ ಇಟ್ಟು, ನೀರು ತಿಳಿನೀಲಿಯಾಗುವಷ್ಟು ಮಿಥಿಲೀನ್ ಬ್ಲೂ (ಬೂಸ್ಟು ತಡೆಯುವ ಔಷಧಿ) ಹಾಕಿ. ಬೆಳ್ಳಗಾದ ಮೊಟ್ಟೆ ಸತ್ತದ್ದು, ಬೂಸ್ಟು ಪಕ್ಕದ್ದಕ್ಕೆ ಹಬ್ಬುವ ಮೊದಲೇ ಡ್ರಾಪರ್‌ನಿಂದ ತೆಗೆಯಿರಿ. ಮೂರರಿಂದ ಐದು ದಿನಕ್ಕೆ ಮರಿ ಹೊರಬರುತ್ತದೆ. ಮೊದಲ ಎರಡು ದಿನ ಹೊಟ್ಟೆಯ ಚೀಲವೇ ಊಟ, ನೀವೇನೂ ಹಾಕಬೇಡಿ. ಆಮೇಲೆ ಮೈಕ್ರೋವರ್ಮ್, ಆಗಷ್ಟೇ ಒಡೆದ ಆರ್ಟೀಮಿಯ, ದಿನಕ್ಕೆ ಮೂರು ಸಲ ಚಿಟಿಕೆಯಷ್ಟು. ಮರಿಗಳು ಹಸಿವಿಗಿಂತ ಹೆಚ್ಚಾಗಿ ಸಾಯುವುದು ತಳದ ಕೊಳೆಗೆ. ಏರ್‌ಲೈನ್ ಟ್ಯೂಬಿನಿಂದ ದಿನವೂ ತಳ ಎಳೆದು, ತೆಗೆದಷ್ಟೇ ನೀರನ್ನು ಅದೇ ಬಿಸುಪಿನಲ್ಲಿ ಹನಿಹನಿಯಾಗಿ ಬಿಡಿ. ಎಳೆದ ನೀರನ್ನು ಚೆಲ್ಲುವ ಮೊದಲು ಬಿಳಿ ಬೋಗುಣಿಯಲ್ಲಿ ಒಮ್ಮೆ ನೋಡಿ, ಒಂದೆರಡು ಮರಿ ಅದರಲ್ಲಿ ಬಂದಿರುತ್ತವೆ.