ತೀರ್ಥಹಳ್ಳಿವರೆಗೆ ಮೊದಲಿಗ

‘ಸರ್, ಅವ್ನು ರೇಸ್ ಪೂರ್ತಿ ನನ್ನ ಹಿಂದೇ ಕೂತ್ಕಂಡು ಬಂದ. ಕೊನೇ ನೂರು ಮೀಟರಲ್ಲಿ ಎದ್ದು ಹೋಗ್ಬಿಟ್ಟ. ಇದು ನ್ಯಾಯನಾ?’

ಸೈಕಲ್ ರೋಡ್ ರೇಸ್ ಮುಗಿದ ಮೇಲೆ ಶಿವಮೊಗ್ಗದ ಹುಡುಗರ ಬಾಯಲ್ಲಿ ಬರುವ ಮಾತು ಇದು. ಪಕ್ಕದಲ್ಲೇ ನಿಂತ ಅಪ್ಪನ ಮಾತು ಇನ್ನೊಂದು: ‘ತೀರ್ಥಹಳ್ಳಿವರೆಗೂ ನಮ್ಮವನೇ ಫಸ್ಟ್ ಇದ್ದ ಕಣ್ರೀ.’ ಇದ್ದ, ನಿಜ. ಆದರೆ ತೀರ್ಥಹಳ್ಳಿಯಲ್ಲಿ ಪದಕ ಕೊಡುವುದಿಲ್ಲವಲ್ಲ. ಹುಡುಗನ ಕಾಲಲ್ಲಿ ಶಕ್ತಿ ಕಡಿಮೆ ಇರಲಿಲ್ಲ, ಅದನ್ನು ಗಾಳಿಗೆ ಸುರಿದುಬಂದ ಅಷ್ಟೆ. ಸೀಟಿನ ಎತ್ತರ, ಟೈರಿನ ಗಾಳಿ, ಗಂಟೆಗೊಂದು ಬಾಟಲಿ ನೀರು, ಇವೆಲ್ಲ ಈಗಿನ ಹುಡುಗರಿಗೆ ಚೆನ್ನಾಗಿ ಗೊತ್ತು. ಗಾಳಿಮರೆ, ಅಂದರೆ ಮುಂದಿನ ಸವಾರನ ಬೆನ್ನ ಹಿಂದೆ ಗಾಳಿ ತಪ್ಪಿಸಿಕೊಂಡು ಬರುವುದು, ಅದೊಂದು ಮಾತ್ರ ಎಷ್ಟು ಹೇಳಿದರೂ ತಲೆಗೆ ಹೋಗುವುದಿಲ್ಲ. ಅದನ್ನು ಕಳ್ಳತನ ಅಂತಲೇ ತಿಳಿದಿದ್ದಾರೆ.

ಲೆಕ್ಕ ನೋಡಿ. ಸವಾರ 60 ಕೆ.ಜಿ., ಸೈಕಲ್ ಮತ್ತು ನೀರಿನ ಬಾಟಲಿ ಸೇರಿ 10 ಕೆ.ಜಿ. ಗಾಳಿಯಿಲ್ಲದ ದಿನ, ಸಮತಟ್ಟು ರಸ್ತೆ, ಗಂಟೆಗೆ 36 ಕಿ.ಮೀ. ವೇಗ. ಇದಕ್ಕೆ ಬೇಕಾಗುವುದು ಸುಮಾರು 205 ವಾಟ್. ಅದರಲ್ಲಿ 170 ವಾಟ್ ಹೋಗುವುದು ಗಾಳಿಯನ್ನು ಸೀಳಲಿಕ್ಕೇ. ಟೈರು ಉರುಳಲು ಬೇಕಾದದ್ದು ಮಿಕ್ಕ 35 ಮಾತ್ರ. ಅದೇ ಹುಡುಗ ಹುರುಪಿನಲ್ಲಿ 40ಕ್ಕೆ ಏರಿಸಿದರೆ 270 ದಾಟುತ್ತದೆ. 4 ಕಿ.ಮೀ. ವೇಗಕ್ಕೆ 70 ವಾಟ್ ದಂಡ! ಇನ್ನು ಅವನ ಚಕ್ರದ ಹಿಂದೆ ಅಂಟಿಕೊಂಡು ಬರುವವನಿಗೆ ಗಾಳಿಯ ಪಾಲು ಹೆಚ್ಚುಕಡಿಮೆ ನೂರಕ್ಕೆ ಮೂವತ್ತರಷ್ಟು ಇಳಿಯುತ್ತದೆ. 36ರ ವೇಗದಲ್ಲಿ ಅವನಿಗೆ 50 ವಾಟ್ ಉಳಿತಾಯ. ದೊಡ್ಡ ಗುಂಪಿನ ನಡುವೆ ಸೇರಿಕೊಂಡರೆ ಇನ್ನೂ ಹೆಚ್ಚು. ಮೈ ಬಾಗಿಸುವ ರೀತಿ, ಬಟ್ಟೆ, ಎತ್ತರದ ಮೇಲೆ ಅಂಕಿಗಳು ಹಿಂದೆಮುಂದೆ ಆದಾವು, ಕಥೆ ಬದಲಾಗುವುದಿಲ್ಲ.

ಮಳೆಗಾಲ ಇನ್ನೂ ಮೋಸ. ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆ ನೈಋತ್ಯಕ್ಕೆ ಹೋಗುತ್ತದೆ, ಮುಂಗಾರಿನ ಗಾಳಿ ಅದೇ ದಿಕ್ಕಿನಿಂದ ಬರುತ್ತದೆ. ಎದುರಿನಿಂದ ಗಂಟೆಗೆ 10 ಕಿ.ಮೀ. ಗಾಳಿ ಬೀಸಿದರೂ ಸಾಕು, 36ರ ವೇಗ ಉಳಿಸಿಕೊಳ್ಳಲು ಮುಂದಿನವನು 310 ವಾಟ್ ಮೇಲೆ ಒತ್ತಬೇಕು. ಹಿಂದಿನವನು 230ರಲ್ಲಿ ಬರುತ್ತಾನೆ. ಗಾಜನೂರಿನ ನೀರಿನ ಬಯಲು, ಗದ್ದೆಯ ಬಯಲು, ಇಂಥ ಕಡೆ ಮುಂದೆ ಇರುವುದೆಂದರೆ ಕೈಯಾರೆ ದುಡ್ಡು ಚೆಲ್ಲಿದ ಹಾಗೆ. ಮಂಡಗದ್ದೆಯ ಕಾಡಿನೊಳಗೆ, ಅಡಿಕೆ ತೋಟದ ಮಗ್ಗುಲಲ್ಲಿ ಗಾಳಿ ತಗ್ಗುತ್ತದೆ. ಮುಂದೆ ಹೋಗಿ ಪಾಲು ಕೊಡುವ ಹುಚ್ಚು ಇದ್ದರೆ ಅಲ್ಲಿ ಕೊಡಲಿ.

ಈಗ ಘಾಟಿಗೆ ಬನ್ನಿ. ಘಟ್ಟದ ಕೆಳಗಿನ ಸೋಮೇಶ್ವರದಿಂದ ಮೇಲಿನ ಆಗುಂಬೆಗೆ 14 ತಿರುವು. ನೂರಕ್ಕೆ ಏಳರ ಏರಿನಲ್ಲಿ ಅದೇ ಹುಡುಗ ಗಂಟೆಗೆ 12 ಕಿ.ಮೀ.ನಂತೆ ಹತ್ತಿದರೆ 180 ವಾಟ್ ಆಸುಪಾಸು ಬೇಕು. ಅದರಲ್ಲಿ ಗಾಳಿಯ ಪಾಲು ಎಷ್ಟು? ಆರೋ ಏಳೋ ವಾಟ್. ಉಳಿದದ್ದು ಹೆಚ್ಚುಕಡಿಮೆ ಎಲ್ಲ ತನ್ನ ಮತ್ತು ಸೈಕಲ್ಲಿನ ತೂಕವನ್ನು ಮೇಲೆತ್ತಲು. ಇಲ್ಲಿ ಹಿಂದೆ ಕೂತವನಿಗೆ ಬಿಟ್ಟಿ ಏನೂ ಸಿಗುವುದಿಲ್ಲ. ಗಟ್ಟಿಗ ಯಾರು ಎಂದು ತೋರಿಸುವ ಜಾಗ ಇದು. ಬಯಲಲ್ಲಿ 60 ಕಿ.ಮೀ. ಎದೆಯೊಡ್ಡಿ ಬಂದವನಿಗೆ ಮೂರನೇ ತಿರುವಿನ ಹೊತ್ತಿಗೆ ತೊಡೆ ಕಲ್ಲಾಗಿರುತ್ತದೆ. ಅವನು ‘ಕಳ್ಳ’ ಎಂದು ಬೈದವನು ಆಗ ತಾನೆ ಕೆಲಸ ಶುರುಮಾಡಿರುತ್ತಾನೆ.

ಬಲವಿದ್ದವರೂ ಹೀಗೆ ಸೋತಿದ್ದಾರೆ. 2012ರ ಲಂಡನ್ ಒಲಿಂಪಿಕ್ಸ್ ಪುರುಷರ ರೋಡ್ ರೇಸ್. ಗೆರೆಯ ಮುಂದಿನ ಕೊನೆಯ ಓಟದಲ್ಲಿ ಬ್ರಿಟನ್ನಿನ ಮಾರ್ಕ್ ಕ್ಯಾವೆಂಡಿಶ್‌ಗೆ ಸಾಟಿಯಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಅವರಿಗಾಗಿ ಎಳೆಯಲು, ಅಂದರೆ ಮುಂದೆ ನಿಂತು ಗಾಳಿ ಸೀಳಲು, ವಿಗ್ಗಿನ್ಸ್, ಫ್ರೂಮ್, ಮಿಲ್ಲರ್, ಸ್ಟ್ಯಾನರ್ಡ್. ಬಾಕ್ಸ್ ಹಿಲ್ ಗುಡ್ಡವನ್ನು ಒಂಬತ್ತು ಸಲ ಹತ್ತಬೇಕು. ಬ್ರಿಟನ್ನಿನ ನಾಲ್ವರು ಗುಂಪಿನ ಮುಂದೆ ನಿಂತು ಎಳೆದರು. ಮಿಕ್ಕ ದೇಶದವರು ಹಿಂದೆ ಹಾಯಾಗಿ ಕೂತರು; ಕ್ಯಾವೆಂಡಿಶ್‌ರನ್ನು ಗೆರೆಯವರೆಗೆ ಒಯ್ದು ಬಿಡುವ ದರ್ದು ಅವರಿಗೇನು? ಮುಂದೆ ದೊಡ್ಡ ಗುಂಪೊಂದು ಕಿತ್ತುಕೊಂಡು ಹೋಯಿತು, ಬೆನ್ನಟ್ಟಲು ನಾಲ್ವರಲ್ಲಿ ಕಸುವು ಉಳಿದಿರಲಿಲ್ಲ. ಗೆದ್ದವರು ಕಜಕಿಸ್ತಾನದ ವಿನೊಕುರೊವ್, ಕ್ಯಾವೆಂಡಿಶ್ 29ನೆಯವರು. ಕೊನೆಯಲ್ಲಿ ವಿನೊಕುರೊವ್ ಜೊತೆಗಿದ್ದದ್ದು ಕೊಲಂಬಿಯಾದ ಉರಾನ್ ಒಬ್ಬರೇ. ಉರಾನ್ ಒಂದು ಭುಜದ ಮೇಲಿಂದ ತಿರುಗಿ ನೋಡುತ್ತಿದ್ದ ಹೊತ್ತಿಗೆ ವಿನೊಕುರೊವ್ ಇನ್ನೊಂದು ಬದಿಯಿಂದ ಹಾರಿದರು. ಕತ್ತು ಯಾವ ಕಡೆ ತಿರುಗಿಸಬೇಕು ಎನ್ನುವುದೂ ರೇಸಿನ ವಿದ್ಯೆಯೇ.

ಇಷ್ಟು ಹೇಳಿದ ಕೂಡಲೇ ಚುರುಕು ಹುಡುಗನೊಬ್ಬ ಕೇಳುತ್ತಾನೆ: ‘ಹಂಗಾದ್ರೆ ಪ್ಯಾರಿಸ್‌ನಲ್ಲಿ ಎವೆನ್‌ಪೂಲ್ ಒಬ್ರೇ ಹೋಗಿ ಗೆದ್ರಲ್ಲ ಸರ್?’ ಒಳ್ಳೆಯ ಪ್ರಶ್ನೆ. ಪ್ಯಾರಿಸ್ ಒಲಿಂಪಿಕ್ಸ್, 2024ರ ಆಗಸ್ಟ್ 3, ಸುಮಾರು 273 ಕಿ.ಮೀ., ಆರು ಗಂಟೆ ಮೀರಿದ ರೇಸ್. ಬೆಲ್ಜಿಯಂನ ರೆಮ್ಕೊ ಎವೆನ್‌ಪೂಲ್ ಒಂಟಿಯಾಗಿ ಹೋದದ್ದು ಕೊನೆಯ 15 ಕಿ.ಮೀ.ನಷ್ಟು. ಅದಕ್ಕೂ ಮೊದಲಿನ ಇನ್ನೂರಕ್ಕೂ ಹೆಚ್ಚು ಕಿ.ಮೀ. ಅವರು ಗುಂಪಿನ ಮರೆಯಲ್ಲಿ ಬಂದದ್ದನ್ನು ಟೀವಿ ಹೈಲೈಟ್ಸ್ ತೋರಿಸುವುದಿಲ್ಲ. ಪ್ಯಾರಿಸ್‌ನೊಳಗಿನ ಮೊಂಮಾರ್ತ್ ಗುಡ್ಡದ ಏರುಗಳಲ್ಲಿ ಗುಂಪು ಚದುರಿಹೋಗಿತ್ತು. ಬೆನ್ನಟ್ಟುವವರ ನಡುವೆ ಬೆಲ್ಜಿಯಂನವರೇ ಆದ ವೌಟ್ ವಾನ್ ಆರ್ಟ್ ಇದ್ದರು. ತನ್ನ ದೇಶದವನು ಮುಂದಿರುವಾಗ ಅವರೇಕೆ ಎಳೆದಾರು? ಅದಕ್ಕೇ ಎವೆನ್‌ಪೂಲ್ 4 ಕಿ.ಮೀ.ಗಿಂತ ಕಡಿಮೆ ಉಳಿದಾಗ ಪಂಕ್ಚರ್ ಆಗಿ ಸೈಕಲ್ ಬದಲಿಸಿದರೂ 1 ನಿಮಿಷ 11 ಸೆಕೆಂಡು ಮೊದಲೇ ಗೆರೆ ಮುಟ್ಟಿದರು.

ಒಲಿಂಪಿಕ್ಸ್ ರೇಸಿನ ಸ್ವಭಾವವೇ ಬೇರೆ, ಅದನ್ನೂ ತಿಳಿದಿರಬೇಕು. ಟೂರ್ ಡಿ ಫ್ರಾನ್ಸ್‌ನಲ್ಲಿ ತಂಡಕ್ಕೆ 8 ಜನ, ಕಿವಿಯಲ್ಲಿ ರೇಡಿಯೊ. ಪ್ಯಾರಿಸ್‌ನಲ್ಲಿ ಒಟ್ಟು 90 ಜನ, ದೇಶಕ್ಕೆ ಹೆಚ್ಚೆಂದರೆ 4, ರೇಡಿಯೊ ಇಲ್ಲ. ಮುಂದೆ ಎಷ್ಟು ಜನ, ಎಷ್ಟು ಅಂತರ ಎನ್ನುವುದು ಬೈಕಿನಲ್ಲಿ ಬರುವವನ ಹಲಗೆ ನೋಡಿ ತಿಳಿಯಬೇಕು. ಮುಂದೆ ಓಡಿದವನಿಂದ ಪ್ರತಿ 10 ಕಿ.ಮೀ.ಗೆ 1 ನಿಮಿಷ ಕಿತ್ತುಕೊಳ್ಳಬಹುದು ಎಂಬ ಹಳೆಯ ಲೆಕ್ಕ, ಎಳೆಯಲು ಜನ ಇದ್ದಾಗ ನಡೆಯುತ್ತದೆ. ಇಲ್ಲಿ ನಡೆಯುವುದು ಕಷ್ಟ. ಪದಕ ಮೂರೇ, ನಾಲ್ಕನೆಯ ಸ್ಥಾನಕ್ಕಾಗಿ ಯಾರೂ ಬೆವರು ಸುರಿಸುವುದಿಲ್ಲ. ಟೋಕಿಯೊ ಮಹಿಳೆಯರ ರೇಸಿನಲ್ಲಿ ಆಸ್ಟ್ರಿಯಾದ ಆನಾ ಕೀಸೆನ್‌ಹೋಫರ್ ಶುರುವಿನಿಂದಲೇ ಮುಂದೆ ಹೋಗಿ ಗೆದ್ದರು. ಅವರು ಮುಂದಿದ್ದಾರೆ ಎಂಬುದೇ ತಿಳಿಯದೆ ಎರಡನೆಯವರಾಗಿ ಬಂದ ನೆದರ್ಲೆಂಡ್ಸ್‌ನ ವಾನ್ ವ್ಲೂಟೆನ್ ಚಿನ್ನ ತನ್ನದೆಂದು ಕೈ ಎತ್ತಿದ್ದರು. ನಮ್ಮ ಜಿಲ್ಲಾ ರೇಸಿನಲ್ಲಿ ಅಂಥ ಎಡವಟ್ಟು ಆಗುವುದಿಲ್ಲ. ಮುಂದೆ ಹೋದವನು ಎರಡು ಮೈಲಿ ದೂರದಿಂದಲೇ ಕಾಣುತ್ತಾನೆ.

ಮರೆಯಲ್ಲಿ ಕೂರುವುದಕ್ಕೂ ಕ್ರಮ ಇದೆ. ಹೊಸಬರಿಗೆ ಒಂದು ಮೀಟರ್ ಅಂತರ ಸಾಕು, ಲಾಭದ ಬಹುಪಾಲು ಅಲ್ಲೇ ಸಿಗುತ್ತದೆ. ಕೈ ಪಳಗಿದ ಮೇಲೆ ಅರ್ಧ ಮೀಟರ್. ಕಣ್ಣು ಮುಂದಿನ ಚಕ್ರದ ಮೇಲೆ ನೆಟ್ಟಿರಬಾರದು, ಅದರಾಚೆಯ ಇಬ್ಬರ ಬೆನ್ನು ಕಾಣಬೇಕು. ಪೆಡಲ್ ಥಟ್ಟನೆ ನಿಲ್ಲಿಸಬಾರದು. ಏರು ಬಂತೆಂದು ದಡಕ್ಕನೆ ಎದ್ದು ನಿಂತರೆ ಸೈಕಲ್ ಒಂದು ಗೇಣು ಹಿಂದೆ ಸರಿಯುತ್ತದೆ, ಹಿಂದಿನವನಿಗೆ ಅಷ್ಟು ಸಾಕು ಬೀಳಲಿಕ್ಕೆ. ನಿಮ್ಮ ಮುಂಚಕ್ರ ಮುಂದಿನವನ ಹಿಂಚಕ್ರದ ಪಕ್ಕಕ್ಕೆ ನುಗ್ಗಿ ನಿಲ್ಲಲೇಬಾರದು. ಅವನು ಸ್ವಲ್ಪ ವಾಲಿದರೆ ಎರಡೂ ತಾಗುತ್ತವೆ. ಅವನಿಗೆ ಏನೂ ಆಗುವುದಿಲ್ಲ, ಮೊಣಕೈ ಕೀಳಿಸಿಕೊಳ್ಳುವವರು ನೀವು.

ಸರದಿ ಬಂದಾಗ ಮುಂದೆ 20ರಿಂದ 30 ಸೆಕೆಂಡು, ಅಷ್ಟೆ. ಮುಂದೆ ಬಂದ ಕೂಡಲೇ ವೇಗ ಏರಿಸುವ ಚಾಳಿ ನಮ್ಮ ಹುಡುಗರಲ್ಲಿ ಬೇರೂರಿದೆ. ಅದರಿಂದ ಸವಾರರ ಸಾಲು ಕಡಿಯುತ್ತದೆ, ಈಗಷ್ಟೇ ಮುಂದಿನಿಂದ ಬಿಟ್ಟುಬಂದವನು ಬಾಲ ಹಿಡಿಯಲಾರದೆ ಉಳಿಯುತ್ತಾನೆ. ಮೀಟರ್ 36 ತೋರಿಸುತ್ತಿತ್ತೇ, 36ರಲ್ಲೇ ಇರಲಿ. ಮುಂದಿನ ಜಾಗ ಬಿಡುವಾಗ ಗಾಳಿ ಬರುವ ಕಡೆಗೆ ಸರಿದು, ವೇಗ ಒಂದೆರಡು ಕಿ.ಮೀ. ಇಳಿಸಿದರೆ ಗುಂಪು ತಾನಾಗಿ ದಾಟಿಹೋಗುತ್ತದೆ. ಅಡ್ಡಗಾಳಿ ಎಡದಿಂದ ಬಂದರೆ ಮರೆ ಇರುವುದು ನೇರ ಹಿಂದೆ ಅಲ್ಲ, ಬಲಕ್ಕೆ ಓರೆಯಾಗಿ. ಆದರೆ ರಸ್ತೆಯ ಅಗಲ ಐದಾರು ಜನಕ್ಕೆ ಮುಗಿಯುತ್ತದೆ, ಏಳನೆಯವನು ಬಲ ಅಂಚಿನಲ್ಲಿ ಒದ್ದಾಡುತ್ತಾನೆ. ಸಂಚಾರ ನಿಲ್ಲಿಸಿದ ರೇಸಿನಲ್ಲಿ ಮಾತ್ರ ಇದು. ಬಸ್ಸು ಓಡಾಡುವ ರಸ್ತೆಯಲ್ಲಿ ಓರೆ ಸಾಲು ಬೇಡ, ಒಂದೇ ಸಾಲು.

ಇಳಿಜಾರಿನಲ್ಲಿ ಈ ಪಾಠವನ್ನೆಲ್ಲ ಮರೆಯಿರಿ. 2016ರ ರಿಯೊದಲ್ಲಿ ಮುಂದಿದ್ದ ಇಟಲಿಯ ನಿಬಾಲಿ ಕೊನೆಯ ಇಳಿಜಾರಿನಲ್ಲಿ ಬಿದ್ದು ಕಾಲರ್ ಮೂಳೆ ಮುರಿದುಕೊಂಡರು, ಜೊತೆಗಿದ್ದ ಕೊಲಂಬಿಯಾದ ಎನಾವೊ ಕೂಡ ಬಿದ್ದರು. ಆಗುಂಬೆ ಘಾಟಿ ಇಳಿಯುವಾಗ ಪಾಚಿ, ಒದ್ದೆ ಎಲೆ, ತಿರುವಿನಾಚೆಯ ಲಾರಿ ಎಲ್ಲ ಇರುತ್ತವೆ. ಹತ್ತು ಹದಿನೈದು ಮೀಟರ್ ಬಿಟ್ಟೇ ಇಳಿಯಿರಿ, ಬ್ರೇಕ್ ತಿರುವಿಗೆ ಮುಂಚೆ ಹಿಡಿಯಿರಿ, ತಿರುವಿನೊಳಗೆ ಅಲ್ಲ.

ಇನ್ನೊಂದು ಚಟ ಇದೆ, ನೋಡಿದರೆ ಸಿಟ್ಟು ಬರುತ್ತದೆ. ಗಾಳಿಮರೆ ಒಳ್ಳೆಯದು ಎಂದು ತಿಳಿದ ಮರುದಿನವೇ ಸಕ್ರೆಬೈಲಿನ ಆಚೆ ಬಸ್ಸಿನ ಬಾಲ ಹಿಡಿದು 55ರಲ್ಲಿ ಹೋಗುತ್ತಾರೆ, ಮೀಟರಿನ ಫೋಟೊ ಬೇರೆ ತೆಗೆಯುತ್ತಾರೆ. ಬಸ್ಸಿನ ಹಿಂದೆ ರಸ್ತೆಯ ಗುಂಡಿ ಕಾಣುವುದಿಲ್ಲ. ಯಾರೋ ಅಜ್ಜಿ ಕೈ ಅಡ್ಡ ಹಾಕಿದರೆ ಡ್ರೈವರ್ ಬ್ರೇಕ್ ಒತ್ತುತ್ತಾನೆ, ಹಿಂದೆ ಯಾರಿದ್ದಾರೆ ಎಂದು ಅವನು ನೋಡಲಾರ. ಅಭ್ಯಾಸಕ್ಕೆ ನಾಲ್ಕು ಜನ ಗೆಳೆಯರು ಸಾಕು ಮಾರಾಯ್ರೆ. ಬೆಳಗ್ಗೆ ಆರರೊಳಗೆ ಹೊರಟು ಗಾಜನೂರಿನವರೆಗೆ ಹೋಗಿ ಬನ್ನಿ, ಮುಂದಿನ ಸರದಿ ತಲೆಗೆ ಮೂವತ್ತು ಸೆಕೆಂಡು.